ಫ್ಲಶಿಂಗಿಗೆ ಬರುವಾಗ ‘ಶೆಜ್ವಾನ್’ ಮರೆತು ಬನ್ನಿ

ನ್ಯೂಯಾರ್ಕಿಗೆ ಹೊಸದಾಗಿ ಬಂದ ಕನ್ನಡದವರು ಮೊದಲ ತಿಂಗಳಲ್ಲೇ ಕ್ವೀನ್ಸ್ ಭಾಗದ ಫ್ಲಶಿಂಗಿಗೆ ಒಂದು ಸಲ ಬಂದೇ ಬರುತ್ತಾರೆ. ಕರೆಸಿಕೊಳ್ಳುವವನು ಗಣಪತಿ. ಬೌನ್ ಸ್ಟ್ರೀಟಿನ ಶ್ರೀ ಮಹಾವಲ್ಲಭ ಗಣಪತಿ ದೇವಸ್ಥಾನಕ್ಕೆ 1977ರಲ್ಲಿ ಕುಂಭಾಭಿಷೇಕ ಆಯಿತು. ಅದರ ನೆಲಮಾಳಿಗೆಯ ಕ್ಯಾಂಟೀನಿನ ದೋಸೆಗೂ ಭಕ್ತರಿಗೇನು ಕಮ್ಮಿ ಇಲ್ಲ. ದರ್ಶನ ಆಯಿತು, ದೋಸೆ ಆಯಿತು, ಕಾಫಿ ಆಯಿತು, ಎಲ್ಲರೂ ಟ್ರೈನ್ ಹತ್ತಿ ಹೊರಟುಬಿಡುತ್ತಾರೆ.

ಮುಂದಿನ ಸಲ ಹಾಗೆ ಮಾಡಬೇಡಿ. ದೇವಸ್ಥಾನದಿಂದ ಇಪ್ಪತ್ತು ನಿಮಿಷ ನಡೆದರೆ ಮೇನ್ ಸ್ಟ್ರೀಟ್ ಮತ್ತು ರೂಸ್‌ವೆಲ್ಟ್ ಅವೆನ್ಯೂ ಸೇರುವ ಮೂಲೆ ಸಿಗುತ್ತದೆ. 7 ನಂಬರ್ ಟ್ರೈನಿನ ಕೊನೆಯ ಸ್ಟೇಷನ್ ಅಲ್ಲೇ. ಶನಿವಾರ ಸಂಜೆ ಆ ಫುಟ್‌ಪಾತಿನಲ್ಲಿ ನಡೆಯುವುದೆಂದರೆ ಹಬ್ಬದ ಹಿಂದಿನ ದಿನ ಗಾಂಧಿ ಬಜಾರಿನಲ್ಲಿ ನಡೆದ ಹಾಗೆ. ಬೋರ್ಡುಗಳೆಲ್ಲ ಚೀನೀ ಲಿಪಿಯಲ್ಲಿ. ಈ ಗಲಾಟೆಯ ನಡುವೆ ಅಪ್ಪಟ ಸಿಚುವಾನ್ ಊಟ ಹಾಕುವ ಹೋಟೆಲುಗಳಿವೆ. ನಾನು ಕ್ವೀನ್ಸಿಗೆ ಬಂದು ಹದಿನಾರು ವರ್ಷ ಆಯಿತು. ಊರಿನ ಖಾರದ ನೆನಪು ಕಾಡಿದಾಗ ನಾನು ಹೋಗುವುದು ಈ ಹೋಟೆಲುಗಳಿಗೆ.

ಮೊದಲು ಒಂದು ಭ್ರಮೆ ಬಿಡಬೇಕು. ನಮ್ಮೂರಿನ ತಳ್ಳುಗಾಡಿಯ ‘ಶೆಜ್ವಾನ್ ಫ್ರೈಡ್ ರೈಸ್’, ಬಾಟಲಿಯ ಶೆಜ್ವಾನ್ ಚಟ್ನಿ, ಇವಕ್ಕೂ ಚೀನಾದ ಸಿಚುವಾನ್ ಪ್ರಾಂತ್ಯಕ್ಕೂ ಹೆಸರಿನ ಸಂಬಂಧ ಮಾತ್ರ. ಅವು ಭಾರತದಲ್ಲೇ ಹುಟ್ಟಿದ ಚೈನೀಸ್. ಗೋಬಿ ಮಂಚೂರಿಯೂ ಅಷ್ಟೇ, ಇಲ್ಲಿ ಅದನ್ನು ಕೇಳಿದರೆ ಯಾರಿಗೂ ಅರ್ಥ ಆಗುವುದಿಲ್ಲ. ನನಗೂ ಗೋಬಿ ಮಂಚೂರಿ ಇಷ್ಟವೇ, ಬೈಯುತ್ತಿಲ್ಲ. ಆದರೆ ಆ ರುಚಿ ಹುಡುಕಿಕೊಂಡು ಬಂದರೆ ಸುಮ್ನೆ ನಿರಾಸೆ.

ಸಿಚುವಾನ್ ಅಡುಗೆಯ ಜೀವ ಇರುವುದು ಎರಡು ಅಕ್ಷರದಲ್ಲಿ: ಮಾ ಲಾ. ‘ಲಾ’ ಎಂದರೆ ಖಾರ. ಅದು ನಮಗೆ ಗೊತ್ತು. ‘ಮಾ’ ಎಂದರೆ ಜುಮ್ಮೆನ್ನುವುದು, ನಾಲಗೆ ಮರಗಟ್ಟುವುದು. ನಮ್ಮವರು ಬೀಳುವುದು ಇಲ್ಲೇ. “ಗುಂಟೂರು ಮೆಣಸಿನಕಾಯಿ ತಿಂದು ಬೆಳೆದವರು ನಾವು, ನಮಗೇನು ಖಾರ” ಎಂದು ಎದೆ ಉಬ್ಬಿಸಿ ಕೂರುತ್ತಾರೆ. ಎರಡನೇ ತುತ್ತಿಗೆ ತುಟಿ ಎಲ್ಲಿದೆ ಎಂದು ಮುಟ್ಟಿ ನೋಡಿಕೊಳ್ಳುತ್ತಾರೆ. ಮೊದಲ ಸಲ ನನಗೂ ಹಾಗೇ ಆಗಿ, ಅಲರ್ಜಿ ಎಂದುಕೊಂಡು ಆಸ್ಪತ್ರೆಗೆ ಹೊರಡಲು ಜಾಕೆಟ್ ಹಾಕಿಕೊಂಡಿದ್ದೆ.

ಇದರ ಹಿಂದಿರುವುದು ಹ್ವಾಜ್ಯಾವ್ ಎಂಬ ಪುಟ್ಟ ಕಾಯಿ. ಇಂಗ್ಲಿಷಿನವರು ಸಿಚುವಾನ್ ಪೆಪ್ಪರ್ ಅನ್ನುತ್ತಾರೆ, ಆದರೆ ಅದು ಕಾಳುಮೆಣಸೂ ಅಲ್ಲ, ಮೆಣಸಿನಕಾಯಿಯೂ ಅಲ್ಲ. ನಿಂಬೆಯ ಕುಟುಂಬದ ಗಿಡ. ನನ್ನ ಹೆಂಡತಿ ಕುಮಟೆಯವಳು. ಮೊದಲ ಸಲ ಒಂದು ಸಿಪ್ಪೆ ಕಚ್ಚಿದ ಕೂಡಲೇ “ಅಯ್ಯೋ, ಇದು ನಮ್ಮನೆ ತಿರ್ಫಲ ಅಲ್ವಾ!” ಅಂದಳು. ಅವಳ ಮಾತು ಬಹುಪಾಲು ಸರಿ. ಕರಾವಳಿಯಲ್ಲಿ ಬಂಗುಡೆ ಸಾರಿಗೆ ಹಾಕುವ ತಿರ್ಫಲ ಅಥವಾ ತೆಪ್ಪಲ, ಅಂದರೆ ನಮ್ಮ ಜುಮ್ಮನಕಾಯಿ, ಹ್ವಾಜ್ಯಾವ್‌ನ ಹತ್ತಿರದ ದಾಯಾದಿ. ಎರಡರಲ್ಲೂ ಬೀಜ ಬಿಸಾಕಿ ಸಿಪ್ಪೆ ಬಳಸುತ್ತಾರೆ. ಕನ್ನಡದ ಹೆಸರಿನಲ್ಲೇ ಜುಮ್ಮು ಇದೆ ನೋಡಿ. ಚೀನಾದವರು ‘ಮಾ’ ಅಂದಿದ್ದನ್ನು ನಮ್ಮವರು ಮೊದಲೇ ಕಾಯಿಗೆ ಹೆಸರಿಟ್ಟು ಮುಗಿಸಿದ್ದಾರೆ.

ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು 2013ರಲ್ಲಿ ಹ್ವಾಜ್ಯಾವನ್ನು ಜನರ ತುಟಿಗೆ ಹಚ್ಚಿ ಅಳೆದರು. ಸೆಕೆಂಡಿಗೆ ಸುಮಾರು 50 ಸಲ ನಡುಗಿದಂಥ ಅನುಭವ ಅಂತೆ. ನಮ್ಮೂರಿನ ಕರೆಂಟು ಕೂಡ 50 ಹರ್ಟ್ಸ್. ಹಾಗಾಗಿ “ನಾಲಗೆಗೆ ಶಾಕ್ ಹೊಡೀತು” ಎಂದು ಹೇಳಿದವರನ್ನು ನಾನೀಗ ನಗಾಡುವುದಿಲ್ಲ. ಇನ್ನೊಂದು ವಿಷಯ. 1968ರಿಂದ 2005ರವರೆಗೆ ಈ ಕಾಯಿಯನ್ನು ಅಮೆರಿಕಕ್ಕೆ ತರುವಂತಿರಲಿಲ್ಲ. ನಿಂಬೆ, ಕಿತ್ತಳೆ ತೋಟಗಳಿಗೆ ರೋಗ ತಂದೀತು ಎಂಬ ಭಯ. ಎಂಬತ್ತರ ದಶಕದಲ್ಲಿ ಬಂದ ಹಿರಿಯರು “ಸಿಚುವಾನ್ ಊಟದಲ್ಲಿ ಅಂಥದ್ದೇನಿದೆ” ಅಂದರೆ ಆಶ್ಚರ್ಯ ಪಡಬೇಡಿ. ಅವರಿಗೆ ‘ಲಾ’ ಸಿಕ್ಕಿತ್ತು, ‘ಮಾ’ ಸರಿಯಾಗಿ ಸಿಕ್ಕಿರಲಿಲ್ಲ.

ಸರಿ, ಹೋಟೆಲಿಗೆ ಹೋಗೋಣ.

ಶನಿವಾರ, ಭಾನುವಾರ ಸಂಜೆ ಆರರಿಂದ ಎಂಟರವರೆಗೆ ಹೆಸರಾದ ಜಾಗಗಳಲ್ಲಿ ಒಂದು ಗಂಟೆ ಕಾಯುವುದು ಮಾಮೂಲು. ಬಾಗಿಲಲ್ಲಿ ನಂಬರ್ ಕೊಡುತ್ತಾರೆ, ಇಲ್ಲ ಫೋನ್ ನಂಬರ್ ಬರೆದುಕೊಳ್ಳುತ್ತಾರೆ. ಗುಂಪಿನ ಎಲ್ಲರೂ ಬರುವವರೆಗೆ ಎಷ್ಟೋ ಕಡೆ ಟೇಬಲ್ ಕೊಡುವುದಿಲ್ಲ. “ಆನ್ ದಿ ವೇ, ಐದು ನಿಮಿಷ” ಎಂಬ ನಮ್ಮ ಬೆಂಗಳೂರು ಸುಳ್ಳು ಇಲ್ಲಿ ನಡೆಯುವುದಿಲ್ಲ. ನಂಬರ್ ಚೀನೀ ಭಾಷೆಯಲ್ಲಿ ಕೂಗಿದರೆ ಗೊತ್ತಾಗದೆ ಸರದಿ ತಪ್ಪುತ್ತದೆ, ಬಾಗಿಲ ಹತ್ತಿರವೇ ನಿಂತಿರಿ. ನನ್ನ ಸಲಹೆ ಕೇಳಿದರೆ, ವಾರದ ದಿನ ಮಧ್ಯಾಹ್ನ ಎರಡರ ಮೇಲೆ ಹೋಗಿ. ಕಾರ್ ತರಬೇಡಿ. ಪಾರ್ಕಿಂಗ್ ಹುಡುಕುವಷ್ಟರಲ್ಲಿ ಹಸಿವು ಸತ್ತಿರುತ್ತದೆ.

ಒಬ್ಬರೇ ಹೋದರೆ ಈ ಊಟದ ಮಜಾ ಇಲ್ಲ. ನಾಲ್ಕು ಜನ ಬೇಕು. ಇಲ್ಲಿ ‘ನಂದೊಂದು ಪ್ಲೇಟು, ನಿಂದೊಂದು ಪ್ಲೇಟು’ ಇಲ್ಲ. ಎಲ್ಲ ನಡುವೆ ಬರುತ್ತದೆ, ಅನ್ನ ಮಾತ್ರ ಅವರವರ ಬಟ್ಟಲಲ್ಲಿ. ಹೊಸಬರು ಮಾಡುವ ದೊಡ್ಡ ತಪ್ಪು ಅಂದರೆ ಮೆನುವಿನಲ್ಲಿ ಮೆಣಸಿನಕಾಯಿ ಚಿತ್ರ ಇರುವುದನ್ನೇ ಹುಡುಕಿ ಐದು ಐಟಂ ಹೇಳುವುದು. ನಮ್ಮ ಬಾಳೆ ಎಲೆ ನೆನಪಿಸಿಕೊಳ್ಳಿ. ಎಲ್ಲ ಗೊಜ್ಜೇ ಬಡಿಸುತ್ತೇವಾ? ಕೋಸಂಬರಿ ಇರುತ್ತದೆ, ಸಪ್ಪೆ ತೊವ್ವೆ ಇರುತ್ತದೆ, ಪಲ್ಯ ಇರುತ್ತದೆ. ಇಲ್ಲೂ ಹಾಗೇ ಕಟ್ಟಬೇಕು. ಕೋಸಂಬರಿ ಜಾಗಕ್ಕೆ ಜಜ್ಜಿದ ಸೌತೆಕಾಯಿ, ಬೆಳ್ಳುಳ್ಳಿ ಮತ್ತು ವಿನೆಗರ್ ಹಾಕಿದ್ದು. ತೊವ್ವೆ ಜಾಗಕ್ಕೆ ಬೆಳ್ಳುಳ್ಳಿಯಲ್ಲಿ ಬಾಡಿಸಿದ ಬಟಾಣಿ ಚಿಗುರು. ಗೊಜ್ಜಿನ ಜಾಗಕ್ಕೆ ‘ಯೂ ಶ್ಯಾಂಗ್’ ಬದನೆಕಾಯಿ. ಈ ಹೆಸರಿಗೆ ‘ಮೀನಿನ ಘಮ’ ಎಂದು ಅರ್ಥ, ಆದರೆ ಅದರಲ್ಲಿ ಮೀನಿಲ್ಲ. ಮೀನಿನ ಅಡುಗೆಗೆ ಹಾಕುವ ಶುಂಠಿ, ಬೆಳ್ಳುಳ್ಳಿ, ಉಪ್ಪಿನಲ್ಲಿ ಹಾಕಿಟ್ಟ ಮೆಣಸಿನಕಾಯಿ, ಹುಳಿ, ಸಿಹಿ ಸೇರಿದ ಮಸಾಲೆ ಅದು. ಬದನೆಕಾಯಿ ಬಾಯಲ್ಲಿಟ್ಟರೆ ಕರಗುತ್ತದೆ. ನಮ್ಮ ಎಣ್ಣೆಗಾಯಿಗೆ ಯಾರಾದರೂ ಸಾಟಿ ಇದ್ದರೆ ಇದೊಂದೇ, ಇದನ್ನು ಹುಬ್ಬಳ್ಳಿಯವರ ಎದುರೂ ಹೇಳುತ್ತೇನೆ.

ಆಲೂಗಡ್ಡೆಯನ್ನು ಎಳೆ ಎಳೆಯಾಗಿ ಹೆಚ್ಚಿ ವಿನೆಗರ್ ಹಾಕಿ ಹುರಿದದ್ದು ಬಂದಾಗ “ಬೆಂದಿಲ್ಲ” ಎಂದು ವಾಪಸ್ ಕಳಿಸಬೇಡಿ. ಅದು ಕರುಕುರು ಅನ್ನುವ ಹಾಗೆ ಇರಬೇಕಾದದ್ದೇ.

ಮಾಂಸ ತಿನ್ನುವವರಾದರೆ ‘ಲಾ ಜ ಜಿ’ ತರಿಸಿ. ಒಣಮೆಣಸಿನಕಾಯಿಯ ಗುಡ್ಡದಲ್ಲಿ ಪುಟ್ಟ ಪುಟ್ಟ ಕೋಳಿ ತುಂಡು ಹುದುಗಿರುತ್ತವೆ. ಕೋಳಿ ಹುಡುಕಿ ತಿನ್ನಬೇಕು, ಮೆಣಸಿನಕಾಯಿ ಪಕ್ಕಕ್ಕಿಡಬೇಕು. ‘ನೀರಲ್ಲಿ ಬೇಯಿಸಿದ ಮೀನು’ ಎಂಬ ಸಾಧು ಹೆಸರಿನದು ಬರುವುದು ಕೆಂಪು ಎಣ್ಣೆಯ ಕೆರೆಯಲ್ಲಿ. ಅದು ಸಾರಲ್ಲ! ನನ್ನ ಜೊತೆ ಬಂದ ಒಬ್ಬ ಹುಡುಗ ಅದನ್ನು ಸೌಟಿನಲ್ಲಿ ತೋಡಿ ಅನ್ನಕ್ಕೆ ಕಲಸಿಕೊಂಡಿದ್ದ. ಪಾಪ, ಮರುದಿನ ಆಫೀಸಿಗೆ ಬರಲಿಲ್ಲ. ಪ್ರಿನ್ಸ್ ಸ್ಟ್ರೀಟಿನ ಸೆಚುವಾನ್ ಮೌಂಟನ್ ಹೌಸಿನಲ್ಲಿ ಹಂದಿಮಾಂಸದ ತೆಳು ಹಾಳೆಗಳನ್ನು ಪುಟ್ಟ ಮರದ ಗಳುವಿನ ಮೇಲೆ, ಹಿತ್ತಲಲ್ಲಿ ಬಟ್ಟೆ ಒಣಹಾಕಿದ ಹಾಗೆ ನೇತು ಹಾಕಿ ತರುತ್ತಾರೆ. ಎಲ್ಲ ಟೇಬಲಿನವರೂ ಮೊದಲು ಫೋಟೋ ತೆಗೆಯುತ್ತಾರೆ, ಆಮೇಲೆ ತಿನ್ನುತ್ತಾರೆ.

ಬಣ್ಣ ನೋಡಿ ಹೆದರಬೇಡಿ. ಸಿಚುವಾನಿನಲ್ಲಿ ‘ಅರ್ ಜಿಂಗ್ ತ್ಯಾವ್’ ಎಂಬ ಉದ್ದನೆಯ ಮೆಣಸಿನಕಾಯಿ ಇದೆ. ಬಣ್ಣ ಮತ್ತು ಘಮ ಜಾಸ್ತಿ, ಖಾರ ಹದ. ನಮ್ಮ ಬ್ಯಾಡಗಿಯ ಗುಣವೇ. ಅದನ್ನು ಅವರೆಯಂಥ ದಪ್ಪ ಕಾಳಿನ ಜೊತೆ ಹುದುಗು ಬರಿಸಿ ದೋಬಾನ್‌ಜ್ಯಾಂಗ್ ಎಂಬ ಪೇಸ್ಟ್ ಮಾಡುತ್ತಾರೆ. ಅದಿಲ್ಲದೆ ಮಾಪೋ ತೋಫು, ಅಂದರೆ ಸೋಯಾ ಪನೀರಿನ ಖಾರದ ಅಡುಗೆ, ಇಲ್ಲ.

ಈಗ ಸಸ್ಯಾಹಾರಿಗಳ ಕಷ್ಟ. ಇದನ್ನು ಸ್ವಲ್ಪ ನಿಧಾನವಾಗಿ ಓದಿ.

ಧಾರವಾಡದ ನನ್ನ ಗೆಳೆಯನನ್ನು ಮೊದಲ ವರ್ಷ ಒಂದು ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ಹುರಿದ ಹುರುಳಿಕಾಯಿ ಹೇಳಿದೆವು. “ವೆಜಿಟೇರಿಯನ್?” ಎಂದು ಕೇಳಿದೆ. ಅವರು ತಲೆ ಆಡಿಸಿದರು. ತಟ್ಟೆಯಲ್ಲಿ ಹುರುಳಿಕಾಯಿಯ ಮೇಲೆ ಕಪ್ಪು ಕಪ್ಪು ಪುಡಿ. ಅವನು ಬೆಳ್ಳುಳ್ಳಿ ಸೀದಿದೆ ಅಂದುಕೊಂಡು ಅರ್ಧ ತಿಂದ. ಅದರಲ್ಲಿ ಉಪ್ಪು ಹಾಕಿ ಹುಳಿಸಿದ ಸಾಸಿವೆ ಸೊಪ್ಪೂ ಇತ್ತು, ಹಂದಿ ಖೀಮಾವೂ ಇತ್ತು. ಎರಡು ವಾರ ನನ್ನ ಫೋನ್ ಎತ್ತಲಿಲ್ಲ. ತಪ್ಪು ನನ್ನದೇ. ಅವರ ಅಡುಗೆಯಲ್ಲಿ ಚಿಟಿಕೆ ಖೀಮಾ ಅಂದರೆ ನಮ್ಮ ಇಂಗು ಇದ್ದಂತೆ, ರುಚಿಗೆ. ಅದನ್ನು ಯಾರೂ ಮಾಂಸದೂಟ ಎಂದು ಎಣಿಸುವುದಿಲ್ಲ. ಮಾಪೋ ತೋಫುವಿನಲ್ಲಿ ಮಾಮೂಲಾಗಿ ದನದ ಇಲ್ಲ ಹಂದಿಯ ಖೀಮಾ ಇರುತ್ತದೆ. ದಾನ್ ದಾನ್ ನೂಡಲ್ಸಿನಲ್ಲೂ ಖೀಮಾ. ಬದನೆಕಾಯಿಯಲ್ಲೂ ಎಷ್ಟೋ ಕಡೆ ಹಾಕುತ್ತಾರೆ.

ಹಾಗಾಗಿ ಬರೀ ‘ವೆಜಿಟೇರಿಯನ್’ ಎಂಬ ಒಂದು ಪದ ನಂಬಬೇಡಿ. “ವೋ ಚ್ ಸೂ” ಅನ್ನಿ, ನಾನು ಸಸ್ಯಾಹಾರಿ ಎಂದು ಅರ್ಥ. ಅದರ ಹಿಂದೆಯೇ ಒಂದೊಂದಾಗಿ ಕೇಳಿ: ಖೀಮಾ ಬೇಡ, ಕೋಳಿಯ ಪುಡಿ ಬೇಡ, ಆಯ್ಸ್ಟರ್ ಸಾಸ್ ಬೇಡ, ಒಣ ಸೀಗಡಿ ಬೇಡ, ಎಲುಬಿನ ಸಾರು ಬೇಡ. ಇಷ್ಟನ್ನೂ ಫೋನಿನಲ್ಲಿ ಚೀನೀ ಭಾಷೆಗೆ ಅನುವಾದ ಮಾಡಿಟ್ಟುಕೊಂಡು ತೋರಿಸುವುದೇ ಸುಲಭ. ತೋರಿಸಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ, ಅಡುಗೆಮನೆಗೆ ಫೋನನ್ನೇ ತೆಗೆದುಕೊಂಡು ಹೋಗಿ ಕೇಳಿ ಬಂದದ್ದನ್ನೂ ನೋಡಿದ್ದೇನೆ. ‘ಸೂ’ ಎಂಬ ಪದಕ್ಕೆ ಬೌದ್ಧರ ನಂಟಿದೆ. ಕಟ್ಟುನಿಟ್ಟಿನ ಬೌದ್ಧರು ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಿಡುತ್ತಾರೆ. “ಬೆಳ್ಳುಳ್ಳಿ ಹಾಕಬಹುದಾ?” ಎಂದು ಅವರೇ ಕೇಳಿದರೆ ಗಾಬರಿಯಾಗಬೇಡಿ. ಮಡಿ ಊಟದ ಮನೆಯವರಿಗಂತೂ ಅದು ವರವೇ. ಆದರೆ ಒಂದು ಮಾತು: ಬಾಣಲೆ ಒಂದೇ ಇರುತ್ತದೆ. ಮಾಂಸ ತಾಗಿದ ಪಾತ್ರೆಯೇ ಆಗದು ಅನ್ನುವವರಿಗೆ ಗಣಪತಿ ಕ್ಯಾಂಟೀನೇ ಸರಿ. ಅಪ್ಪ ಅಮ್ಮ ಊರಿಂದ ಬಂದಾಗ ನಾನು ಅಲ್ಲಿಗೇ ಕರೆದೊಯ್ಯುತ್ತೇನೆ.

ಶೇಂಗಾ, ಎಳ್ಳು, ಗೋಧಿ ಆಗದವರೂ ಕೇಳಿಯೇ ತಿನ್ನಿ.

ಖಾರ ಎಷ್ಟು ಎಂದು ಕೇಳಿದಾಗ ಮೊದಲ ಸಲ “ವೇ ಲಾ” ಅನ್ನಿ, ಅಂದರೆ ಸ್ವಲ್ಪ ಖಾರ. ಮಾನ ಹೋಗುವುದಿಲ್ಲ. ಬಾಯಿ ಉರಿದರೆ ತಣ್ಣೀರು ಕುಡಿಯಬೇಡಿ, ಖಾರ ನೀರಿನಲ್ಲಿ ಕರಗುವುದಿಲ್ಲ. ಅನ್ನ ತಿನ್ನಿ, ಇಲ್ಲ ಸೋಯಾ ಹಾಲು ಕುಡಿಯಿರಿ. ಮೊಸರು ಕೇಳಬೇಡಿ, ಇರುವುದಿಲ್ಲ. ಆದರೆ ಬಿಸಿನೀರು ಕೇಳಿದರೆ ನಗುನಗುತ್ತಾ ತಂದುಕೊಡುತ್ತಾರೆ. ಐಸ್ ತುಂಬಿದ ಲೋಟದ ಈ ದೇಶದಲ್ಲಿ ಬಿಸಿನೀರನ್ನು ಮರ್ಯಾದೆಯಿಂದ ಕೊಡುವ ಜಾಗ ಸಿಕ್ಕಿದ್ದಕ್ಕೇ ನನ್ನ ಅಪ್ಪ ಚೀನಾದವರನ್ನು ಮೆಚ್ಚಿಕೊಂಡರು.

ಚಾಪ್‌ಸ್ಟಿಕ್ ಬಾರದಿದ್ದರೆ ಫೋರ್ಕ್ ಕೇಳಿ, ಯಾರೂ ನೋಡುವುದಿಲ್ಲ. ಅನ್ನದಲ್ಲಿ ಚಾಪ್‌ಸ್ಟಿಕ್ ನೆಟ್ಟಗೆ ಚುಚ್ಚಿ ನಿಲ್ಲಿಸಬೇಡಿ ಅಷ್ಟೇ. ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ ಕಾಣುತ್ತದೆ. ಊಟದ ಎಲೆಯ ಮುಂದೆ ಪಿಂಡದ ಮಾತೆತ್ತಿದರೆ ನಮಗೆ ಹೇಗಾಗುತ್ತದೆ, ಹಾಗೆ.

ಬಿಲ್ ಬೇಕಾದರೆ “ಮಾಯ್ ದಾನ್” ಅನ್ನಿ. ನ್ಯೂಯಾರ್ಕ್ ನಗರದಲ್ಲಿ ಟ್ಯಾಕ್ಸ್ 8.875 ಪರ್ಸೆಂಟ್. ಅದನ್ನು ಎರಡರಿಂದ ಗುಣಿಸಿ ಸ್ವಲ್ಪ ಮೇಲಕ್ಕೆ ಹಾಕಿದರೆ ಟಿಪ್ ಆಯಿತು. ದೊಡ್ಡ ಗುಂಪಾಗಿದ್ದರೆ ಟಿಪ್ಪನ್ನು ಬಿಲ್ಲಿನಲ್ಲೇ ಸೇರಿಸಿರಬಹುದು, ನೋಡಿಕೊಂಡು ಕೊಡಿ. ಕೆಲವು ಚಿಕ್ಕ ಜಾಗಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ನೋಟು ಇಟ್ಟುಕೊಂಡಿರಿ.

ಉಳಿದದ್ದನ್ನು ಬಿಡಬೇಡಿ. ‘ಪಾರ್ಸೆಲ್’ ಅಂದರೆ ಅರ್ಥ ಆಗುವುದಿಲ್ಲ, “ದಾ ಬಾವ್” ಅನ್ನಿ, ಡಬ್ಬಿ ತಂದುಕೊಡುತ್ತಾರೆ. ನನ್ನ ಹೆಂಡತಿ ಲಾ ಜ ಜಿಯಲ್ಲಿ ಉಳಿದ ಮೆಣಸಿನಕಾಯಿ ಗುಡ್ಡವನ್ನೂ ಬಿಡದೆ ಕಟ್ಟಿಸಿಕೊಳ್ಳುತ್ತಾಳೆ. ಮೊದಲ ಸಲ ಬಡಿಸುವ ಹುಡುಗಿ, ಕೋಳಿ ಎಲ್ಲ ಖಾಲಿಯಾಗಿದೆ, ಬರೀ ಮೆಣಸಿನಕಾಯಿ ಇದೆ ಎಂದು ಎರಡೆರಡು ಸಲ ಹೇಳಿದಳು. “ಗೊತ್ತು, ಹಾಕು” ಅಂದಳು ಇವಳು. ಮರುದಿನ ತೊಗರಿಬೇಳೆ ಸಾರಿಗೆ ಅದರದ್ದೇ ಒಗ್ಗರಣೆ. ಕರಿಬೇವಿನ ಜೊತೆ ಸಿಡಿದ ಹ್ವಾಜ್ಯಾವ್ ಸಿಪ್ಪೆ ಹಲ್ಲಿಗೆ ಸಿಕ್ಕಾಗ ಕ್ವೀನ್ಸಿನ ಅಡುಗೆಮನೆಯಲ್ಲಿ ಇಬ್ಬರ ನಾಲಗೆಯೂ ಜುಮ್ಮೆನ್ನುತ್ತದೆ.