ಮರದ ಮೇಲೆ ಕೂರುವ ಸ್ಟ್ಯಾಂಡ್ ಕೊಳ್ಳುವ ಮುಂಚೆ

ಅಮೆರಿಕದಲ್ಲಿ ಜಿಂಕೆ ಬೇಟೆಗೆ ಬಳಸುವ ಟ್ರೀ ಸ್ಟ್ಯಾಂಡ್ ಇದು, ಅಂದರೆ ಮರದ ಕಾಂಡಕ್ಕೆ ಎತ್ತರದಲ್ಲಿ ಬಿಗಿಯುವ ಪುಟ್ಟ ಆಸನ. ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಇದೆ, ಬೇಟೆ ಮಾತೇ ಬೇಡ. ಆದರೆ ಕನಕಪುರ ರಸ್ತೆ ಕಡೆ ಸ್ವಂತ ತೋಟ ಇದ್ದು, ವೀಕೆಂಡಲ್ಲಿ ಬೆಂಗಳೂರಿನಿಂದ ಹೋಗಿ ಹಕ್ಕಿ ಫೋಟೋ ತೆಗೆಯುವವರಿಗೆ ಇದು ಚೆನ್ನಾಗಿ ಒಗ್ಗುತ್ತದೆ.

ಮೊದಲು ತೂಕದ ಮಿತಿ ನೋಡಿ. ಹೆಚ್ಚಿನವು 300 ಪೌಂಡ್, ಅಂದರೆ ಸುಮಾರು 136 ಕಿಲೋ ತಡೆಯುತ್ತವೆ. ನಿಮ್ಮ ತೂಕದ ಜೊತೆ ಕ್ಯಾಮೆರಾ, ಲೆನ್ಸು, ಬ್ಯಾಗು, ತಿಂಡಿ ಡಬ್ಬಿ ಎಲ್ಲಾ ಸೇರಿಸಿ ಲೆಕ್ಕ ಹಾಕಿ. ಅಲ್ಯೂಮಿನಿಯಂ ಹಗುರ, ಬೆಲೆ ಜಾಸ್ತಿ. ಸ್ಟೀಲು ಅಗ್ಗ, ಆದರೆ ಹೊತ್ತು ನಡೆಯುವಾಗ ಬೆನ್ನು ಬೈಯುತ್ತದೆ.

ಹತ್ತಲು ಬಳಸುವ ಕ್ಲೈಂಬಿಂಗ್ ಸ್ಟಿಕ್‌ಗಳು, ಅಂದರೆ ಮೆಟ್ಟಿಲಿರುವ ಚಿಕ್ಕ ಏಣಿ ತುಂಡುಗಳು, ಸಾಮಾನ್ಯವಾಗಿ ಮೂರೋ ನಾಲ್ಕೋ ಬರುತ್ತವೆ, ಒಂದರ ಮೇಲೊಂದು ಬೆಲ್ಟಿನಿಂದ ಕಾಂಡಕ್ಕೆ ಬಿಗಿಯಬೇಕು. ಮೆಟ್ಟಿಲು ಎರಡೂ ಕಡೆ ಇರುವಂಥದ್ದನ್ನೇ ತಗೊಳ್ಳಿ, ಎರಡೂ ಕಾಲಿನ ಶೂ ಸರಿಯಾಗಿ ಕೂರಬೇಕು ಅಲ್ವಾ.

ಮೈಪೂರ್ತಿ ಹಾರ್ನೆಸ್ (ಹೆಗಲು, ಎದೆ, ತೊಡೆ ಸುತ್ತ ಕಟ್ಟುವ ಸುರಕ್ಷತಾ ಪಟ್ಟಿ) ಇಲ್ಲದೆ ಹತ್ತಲೇಬೇಡಿ, ಸೊಂಟದ ಬೆಲ್ಟ್ ಸಾಲದು. ನೆಲ ಬಿಟ್ಟಾಗಿನಿಂದ ಇಳಿಯುವವರೆಗೂ ಅದು ಮರಕ್ಕೆ ಸಿಕ್ಕಿಸಿಯೇ ಇರಲಿ. ಬ್ಯಾಗನ್ನು ನೀವು ಹತ್ತಿ ಕೂತ ಮೇಲೆ ಹಗ್ಗದಲ್ಲಿ ಎಳೆದುಕೊಳ್ಳಿ. ಒಣಗಿದ ಮರ ಬೇಡ, ನೀಲಗಿರಿಯ ನುಣುಪು ಕಾಂಡವೂ ಬೇಡ. ಮಳೆ ಬಿಸಿಲಿಗೆ ಬೆಲ್ಟು ಸವೆಯುತ್ತದೆ, ಸುಮ್ನೆ ವರ್ಷಗಟ್ಟಲೆ ಮರದಲ್ಲೇ ಬಿಡಬೇಡಿ.