ಪ್ಲಗ್ ಕಿತ್ತ ಮೇಲೂ ಉಳಿಯುವ 450 ವೋಲ್ಟ್

ವಾಲ್ವ್ (ಗಾಜಿನ ನಿರ್ವಾತ ಕೊಳವೆ) ಆಂಪ್ಲಿಫೈಯರ್ ರಿಪೇರಿಗೆ ಕೂರುವವರು ಮೊದಲು ತಿಳಿಯಬೇಕಾದದ್ದು ಇದು: ಚೆನ್ನಾಗಿ ಹಾಡುವ ಸೆಟ್ಟಿಗಿಂತ ಕೆಟ್ಟು ಕೂತ ಸೆಟ್ಟೇ ಹೆಚ್ಚು ಅಪಾಯ. ಸರಿಯಿರುವ ಸೆಟ್ಟನ್ನು ಆಫ್ ಮಾಡಿದಾಗ ವಾಲ್ವುಗಳು ಇನ್ನೂ ಬಿಸಿಯಾಗಿಯೇ ಇರುತ್ತವೆ. ಡಿಸಿ ವೋಲ್ಟೇಜಿನ ಏರಿಳಿತ ತಗ್ಗಿಸುವ ಫಿಲ್ಟರ್ ಕಂಡೆನ್ಸರುಗಳಲ್ಲಿ ತುಂಬಿಕೊಂಡ ಚಾರ್ಜನ್ನು ಅವೇ ಎಳೆದು ಕೆಲವು ಸೆಕೆಂಡುಗಳಲ್ಲಿ ಬಹುಪಾಲು ಇಳಿಸಿಬಿಡುತ್ತವೆ. ವಾಲ್ವ್ ಸತ್ತಿದ್ದರೆ, ಎಚ್‌ಟಿ (ವಾಲ್ವುಗಳಿಗೆ ಕೊಡುವ ಹೆಚ್ಚಿನ ಡಿಸಿ ವೋಲ್ಟೇಜ್) ಫ್ಯೂಸ್ ಹೋಗಿದ್ದರೆ, ಇಲ್ಲವೇ ಸ್ಟ್ಯಾಂಡ್‌ಬೈಗೆ (ವಾಲ್ವುಗಳನ್ನು ಬಿಸಿಯಾಗಿಟ್ಟು ಎಚ್‌ಟಿಯನ್ನಷ್ಟೇ ಕಡಿಯುವ ಸ್ಥಾನ) ಹಾಕಿದ ಮೇಲೆ ಪವರ್ ತೆಗೆದಿದ್ದರೆ ಆ ದಾರಿ ಕಟ್ಟಿಹೋಗಬಹುದು. ಆಗ ಚಾರ್ಜ್ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹಾಗೇ ಕಾದಿರುತ್ತದೆ.

ಇಎಲ್‌34 ಎಂಬ ಪವರ್ ವಾಲ್ವ್ ಜೋಡಿಯ ಗಿಟಾರ್ ಆಂಪ್ಲಿಫೈಯರಿನಲ್ಲಿ ಎಚ್‌ಟಿ 400 ವೋಲ್ಟ್ ದಾಟುವುದು ಸಾಮಾನ್ಯ. 100 ಮೈಕ್ರೊಫ್ಯಾರಡ್ ಕಂಡೆನ್ಸರ್ 450 ವೋಲ್ಟಿಗೆ ತುಂಬಿದರೆ ಅದರಲ್ಲಿ ಸುಮಾರು 10 ಜೂಲ್ ಶಕ್ತಿ ಇರುತ್ತದೆ. ಒಂದು ಕೈಯಿಂದ ಹೊಕ್ಕು ಎದೆಯ ಮೂಲಕ ಇನ್ನೊಂದು ಕೈಗೆ ಹರಿದರೆ ಪ್ರಾಣಕ್ಕೇ ಕುತ್ತು. ಮನೆಯಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಇದೆ ಎಂಬ ಧೈರ್ಯ ಇಲ್ಲಿ ಬೇಡ. ಅದು ಮೇನ್ಸ್ ಬದಿಯ ಸೋರಿಕೆಯನ್ನಷ್ಟೇ ಗುರುತಿಸುತ್ತದೆ. ಪ್ಲಗ್ ಕಿತ್ತ ಸೆಟ್ಟಿನ ಕಂಡೆನ್ಸರ್ ಹೊಡೆದರೆ ಅದಕ್ಕೆ ಗೊತ್ತೇ ಆಗುವುದಿಲ್ಲ.

ಫೆಂಡರ್ ಟ್ವಿನ್ ರಿವರ್ಬ್‌ನಂಥ ಸೆಟ್ಟುಗಳಲ್ಲಿ ಮುಖ್ಯ ಕಂಡೆನ್ಸರುಗಳಿಗೆ ಅಡ್ಡಲಾಗಿ 220 ಕಿಲೊಓಮ್ ರೆಸಿಸ್ಟರುಗಳಿರುತ್ತವೆ. ಕಂಡೆನ್ಸರ್ 70 ಮೈಕ್ರೊಫ್ಯಾರಡ್ ಆದರೆ ಒಂದೂಕಾಲು ನಿಮಿಷದಲ್ಲಿ ಹೆಚ್ಚುಕಡಿಮೆ ಖಾಲಿಯಾಗುತ್ತದೆ. ಆದರೆ ಹಳೆಯ ರೆಸಿಸ್ಟರ್ ಓಪನ್ ಆಗಿದ್ದರೂ (ಒಳಗೇ ಕಡಿದುಹೋಗಿದ್ದರೂ) ಸೆಟ್ ಎಂದಿನಂತೆ ಹಾಡುತ್ತದೆ, ಯಾರಿಗೂ ತಿಳಿಯುವುದಿಲ್ಲ. ಹಾಗಾಗಿ ಅದನ್ನು ನಂಬಿ ಕೈ ಹಾಕಬೇಡಿ.

ಡಿಸ್ಚಾರ್ಜ್ ವೈರ್ ಮಾಡಿಕೊಳ್ಳಿ

ಬೇಕಾದದ್ದು 10 ಕಿಲೊಓಮ್, 5 ವ್ಯಾಟಿನ ವೈರ್‌ವೂಂಡ್ ರೆಸಿಸ್ಟರ್ ಒಂದು, 1000 ವೋಲ್ಟ್ ತಾಳುವ ಇನ್ಸುಲೇಷನ್ನಿನ ವೈರ್, ರಬ್ಬರ್ ಹೊದಿಕೆಯ ಎರಡು ಕ್ರೊಕೊಡೈಲ್ ಕ್ಲಿಪ್. ರೆಸಿಸ್ಟರನ್ನು ವೈರಿನ ನಡುವೆ ಬೆಸೆದು, ಮೇಲೆ ಎರಡು ಪದರ ಹೀಟ್‌ಶ್ರಿಂಕ್ ಸ್ಲೀವ್ ಏರಿಸಿ. ಎದ್ದು ಕಾಣುವ ಕೆಂಪು ಬಟ್ಟೆಯೊಂದನ್ನು ಕಟ್ಟಿ, ಅದೇಕೆಂದು ಕೊನೆಯಲ್ಲಿದೆ. ಪ್ರತಿ ಸಲ ಬಳಸುವ ಮುಂಚೆ ಮೀಟರಿನಲ್ಲಿ ಈ ಕ್ಲಿಪ್ಪಿನಿಂದ ಆ ಕ್ಲಿಪ್ಪಿಗೆ 10 ಕಿಲೊಓಮ್ ತೋರಿಸಲೇಬೇಕು. ಒಳಗೆ ಬೆಸುಗೆ ಬಿಟ್ಟ ವೈರ್ ಹಾಕಿ ಚಾರ್ಜ್ ಇಳಿಯಿತೆಂದು ನಂಬುವುದು ವೈರೇ ಇಲ್ಲದ್ದಕ್ಕಿಂತ ಕೆಟ್ಟದ್ದು.

ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಅಭ್ಯಾಸ ಹಲವರಿಗಿದೆ. ದಯವಿಟ್ಟು ಬಿಡಿ. ಕರಗಿದ ಲೋಹ ಕಣ್ಣಿಗೆ ಸಿಡಿಯಬಹುದು, ಕಂಡೆನ್ಸರಿನ ಒಳಗಿನ ಜೋಡಣೆಯೂ ಹಾಳಾಗಬಹುದು. 10 ಕಿಲೊಓಮ್ ಮೂಲಕವಾದರೆ 450 ವೋಲ್ಟಿನಲ್ಲೂ ಹರಿಯುವುದು 45 ಮಿಲಿಆಂಪಿಯರ್ ಮಾತ್ರ. 100 ಮೈಕ್ರೊಫ್ಯಾರಡ್ ಐದು ಸೆಕೆಂಡಿನಲ್ಲಿ 3 ವೋಲ್ಟ್ ಆಸುಪಾಸಿಗೆ ಬರುತ್ತದೆ.

ಕೆಲಸದ ಕ್ರಮ

ಸ್ಟ್ಯಾಂಡ್‌ಬೈ ಸ್ವಿಚ್ಚನ್ನು ನುಡಿಸುವ ಸ್ಥಾನದಲ್ಲೇ ಬಿಟ್ಟು ಪವರ್ ಆಫ್ ಮಾಡಿ, ಒಂದು ನಿಮಿಷ ಕಾಯಿರಿ. ಪ್ಲಗ್ ಕಿತ್ತು ಕಣ್ಣಿಗೆ ಕಾಣುವಂತೆ ಮೇಜಿನ ಮೇಲಿಡಿ. ಸ್ವಿಚ್ ಆಫ್ ಇದ್ದರೂ ಪ್ಲಗ್ ಸಿಕ್ಕಿಸಿದ್ದಷ್ಟು ಕಾಲ ಒಳಗೆ ಸ್ವಿಚ್ಚಿನವರೆಗೆ 230 ವೋಲ್ಟ್ ಬಂದು ನಿಂತಿರುತ್ತದೆ. ಉಂಗುರ, ಕಡಗ, ವಾಚ್ ತೆಗೆಯಿರಿ. ಮನೆಯಲ್ಲಿ ಇನ್ನೊಬ್ಬರು ಇರಲಿ. ಚಾಸಿಯನ್ನು (ಭಾಗಗಳನ್ನೆಲ್ಲ ಕೂರಿಸಿದ ಲೋಹದ ತಟ್ಟೆ) ಹೊರಗೆಳೆಯುವಾಗ ಬೆರಳು ಒಳಗೆ ಹೋಗದಂತೆ ಟ್ರಾನ್ಸ್‌ಫಾರ್ಮರುಗಳನ್ನು ಹಿಡಿದು ಎತ್ತಿ.

ಮೀಟರನ್ನು 1000 ವೋಲ್ಟ್ ಡಿಸಿಗೆ ಇಡುವ ಮುನ್ನ 9 ವೋಲ್ಟ್ ಬ್ಯಾಟರಿಯ ಮೇಲೆ ಪರೀಕ್ಷಿಸಿ, ಅಳತೆಯೆಲ್ಲ ಮುಗಿದ ಮೇಲೆ ಇನ್ನೊಮ್ಮೆ. ನಡುವೆ ಪ್ರೋಬಿನ ವೈರ್ ತುಂಡಾದರೂ ಮೀಟರ್ ಸೊನ್ನೆಯನ್ನೇ ತೋರಿಸುತ್ತದೆ.

ಕಪ್ಪು ಪ್ರೋಬನ್ನು ಚಾಸಿಗೆ ಕ್ಲಿಪ್ ಮಾಡಿ, ಎಡಗೈಯನ್ನು ಬೆನ್ನ ಹಿಂದಿಟ್ಟು, ಕೆಂಪು ಪ್ರೋಬಿನಿಂದ ಮೊದಲ ಫಿಲ್ಟರ್ ಕಂಡೆನ್ಸರಿನ ಪ್ಲಸ್ ತುದಿ ಮುಟ್ಟಿ ನೋಡಿ. ಎಷ್ಟೇ ತೋರಿಸಲಿ, ಡಿಸ್ಚಾರ್ಜ್ ವೈರಿನ ಒಂದು ತುದಿಯನ್ನು ಮೊದಲು ಚಾಸಿಗೆ ಕಚ್ಚಿಸಿ, ಆಮೇಲೆ ಇನ್ನೊಂದನ್ನು ಅದೇ ಒಂದು ಕೈಯಿಂದ ಪ್ಲಸ್ ತುದಿಗೆ. ಅರ್ಧ ನಿಮಿಷ ಬಿಟ್ಟು ಮತ್ತೆ ಅಳೆಯಿರಿ. 10 ವೋಲ್ಟಿಗಿಂತ ಕೆಳಗಿಳಿಯುವ ತನಕ ಒಳಗೆ ಕೈ ಬೇಡ.

ಇಲ್ಲಿಗೇ ನಿಲ್ಲಿಸುವವರು ಪೆಟ್ಟು ತಿನ್ನುತ್ತಾರೆ. ಮುಂದಿನ ಹಂತದ ಕಂಡೆನ್ಸರುಗಳು ಡ್ರಾಪಿಂಗ್ (ವೋಲ್ಟೇಜ್ ತಗ್ಗಿಸುವ) ರೆಸಿಸ್ಟರುಗಳ ಮೂಲಕ ಮೊದಲನೆಯದಕ್ಕೆ ಜೋಡಿಸಿರುತ್ತವೆ. ಅಂಥ ರೆಸಿಸ್ಟರ್ ಸುಟ್ಟಿದ್ದರೆ, ಸೆಟ್ ಕೆಟ್ಟದ್ದೂ ಅದರಿಂದಲೇ ಇರಬಹುದು, ಆಚೆಯ ಕಂಡೆನ್ಸರ್ ತುಂಬಿಯೇ ಉಳಿದಿರಬಹುದು. ಪ್ರತಿಯೊಂದನ್ನೂ ಬೇರೆಬೇರೆಯಾಗಿ ಅಳೆಯಿರಿ: ಚಾಸಿಗೆ ಎಷ್ಟು, ತನ್ನದೇ ಎರಡು ತುದಿಗಳ ನಡುವೆ ಎಷ್ಟು. ಸರಣಿಯಲ್ಲಿರುವ ಜೋಡಿ ಕಂಡೆನ್ಸರುಗಳಲ್ಲಿ ಒಂದರ ಮೈನಸ್ ಮಾತ್ರ ಚಾಸಿಗೆ ಬಂದಿರುತ್ತದೆ. ಉಳಿಕೆ ಕಂಡರೆ ವೈರನ್ನು ನೇರವಾಗಿ ಆ ತುದಿಗಳಿಗೇ ಹಾಕಿ.

ಖಾಲಿಯಾದ ಎಲೆಕ್ಟ್ರೊಲಿಟಿಕ್ ಕಂಡೆನ್ಸರಿನಲ್ಲಿ ಸ್ವಲ್ಪ ಹೊತ್ತಿಗೆ ವೋಲ್ಟೇಜ್ ತಾನಾಗಿ ತಲೆಯೆತ್ತುತ್ತದೆ. ಪದರಗಳೊಳಗೆ ಅಡಗಿದ್ದ ಚಾರ್ಜ್ ನಿಧಾನವಾಗಿ ಹೊರಬರುವುದೇ ಕಾರಣ. ಆದ್ದರಿಂದ ಕೆಲಸ ಮುಗಿಯುವವರೆಗೂ ವೈರ್ ಕಚ್ಚಿಸಿಕೊಂಡೇ ಇರಲಿ. ಊಟಕ್ಕೆದ್ದು ಬಂದರೂ ಮತ್ತೆ ಅಳೆದೇ ಕೈ ಹಾಕಿ.

ಸೆಟ್ ಆನ್ ಮಾಡುವ ಮುನ್ನ ಆ ಕೆಂಪು ಬಟ್ಟೆ ಹುಡುಕಿ, ವೈರ್ ಬಿಚ್ಚಿ. ಮರೆತರೆ 5 ವ್ಯಾಟಿನ ರೆಸಿಸ್ಟರ್ 20 ವ್ಯಾಟ್ ಹೊತ್ತು ಹೊಗೆಯಾಡುತ್ತದೆ. ಮೊದಲ ಸಲ ಮೇನ್ಸಿಗೆ ಸರಣಿಯಲ್ಲಿ 100 ವ್ಯಾಟಿನ ಹಳೇ ಕಾಲದ ತಂತಿ ಬಲ್ಬ್ ಹಾಕಿ. ಹೊತ್ತಿ ಆಮೇಲೆ ಮಂಕಾದರೆ ಸರಿ, ಪ್ರಖರವಾಗಿಯೇ ಉರಿದರೆ ಒಳಗೆಲ್ಲೋ ಶಾರ್ಟ್ ಇದೆ. ಆಗ ಪ್ಲಗ್ ಕಿತ್ತು, ಮೀಟರ್ ಹಿಡಿದು ಮೊದಲ ಕಂಡೆನ್ಸರಿನಿಂದಲೇ ಮತ್ತೆ ಶುರು ಮಾಡಿ.