ಕರೆಂಟ್ ಹೋಯಿತೋ, ಫೈಬರ್ ಕಡಿಯಿತೋ? ಓಎಲ್‌ಟಿಯಿಂದಲೇ ಹೇಳಿಸಿ

ಕಲಬುರಗಿಯಲ್ಲಿ ಮೇ ತಿಂಗಳ ಸಂಜೆ ಗಾಳಿ ಎದ್ದರೆ ಸಾಕು, ಬ್ರಾಡ್‌ಬ್ಯಾಂಡ್ ಕೊಡುವವರ ಫೋನ್ ಬಡಿದುಕೊಳ್ಳಲು ಶುರು. ಎಲ್ಲರದ್ದೂ ಒಂದೇ ಮಾತು, ‘ನೆಟ್ ಬಂದ್ ಆಗ್ಯದ್ರೀ’. ಏರಿಯಾದಲ್ಲಿ ಕರೆಂಟ್ ಹೋಗಿದೆಯೋ, ಜೆಸಿಬಿ ಫೈಬರ್ ಕಿತ್ತಿದೆಯೋ ಗೊತ್ತಿಲ್ಲದೆ ಹುಡುಗರನ್ನು ಒಮ್ಮೆ ಆಳಂದ ರಸ್ತೆಗೆ, ಒಮ್ಮೆ ಸೇಡಂ ರಸ್ತೆಗೆ ಓಡಿಸುತ್ತೇವೆ. ನಾನೂ ಬಹಳ ದಿನ ಹಾಗೇ ಮಾಡಿದೆ. ಉತ್ತರ ಓಎಲ್‌ಟಿಯೊಳಗೇ, ಅಂದರೆ ಮನೆಮನೆಯ ಫೈಬರ್ ಬಂದು ಸೇರುವ ನಮ್ಮ ಕಡೆಯ ಪೆಟ್ಟಿಗೆಯೊಳಗೇ ಇರುತ್ತದೆ, ನಾವು ಕೇಳಿರುವುದಿಲ್ಲ ಅಷ್ಟೇ.

ಮೊದಲು ಓಎಲ್‌ಟಿಯ ಗಡಿಯಾರ ಸರಿ ಮಾಡಿ. ಸರಿಯಾದ ಸಮಯ ಹೇಳುವ ಎನ್‌ಟಿಪಿ ಸರ್ವರ್ ಕೊಟ್ಟು ಟೈಮ್ ಝೋನ್ +5:30 ಇಡಿ. ಲಾಗ್‌ನಲ್ಲಿ ಸಮಯವೇ ತಪ್ಪಿದ್ದರೆ ಮುಂದಿನದ್ದೆಲ್ಲ ವ್ಯರ್ಥ.

ಆಮೇಲೆ ಎಸ್‌ಎನ್‌ಎಂಪಿ, ಅಂದರೆ ನಿಗಾ ಇಡುವ ಸರ್ವರ್ ದೂರದಿಂದಲೇ ಸಾಧನದ ಸ್ಥಿತಿ ಕೇಳಿ ತಿಳಿಯುವ ವಿಧಾನ. ಓಎಲ್‌ಟಿಯ ಮ್ಯಾನೇಜ್‌ಮೆಂಟ್ ಬೇರೆ ವಿಲ್ಯಾನ್‌ನಲ್ಲಿ (ನೆಟ್‌ವರ್ಕ್‌ನ ಪ್ರತ್ಯೇಕಿಸಿದ ಭಾಗ) ಇರಲಿ, ಹೊರಗಿನ ಇಂಟರ್ನೆಟ್‌ಗೆ ಕಾಣಲೇಬಾರದು. ಸಾಧನದಲ್ಲಿ ಎಸ್‌ಎನ್‌ಎಂಪಿಯ ವಿ3 ಆವೃತ್ತಿ ಇದ್ದರೆ ಅದನ್ನೇ ಬಳಸಿ, ಪಾಸ್‌ವರ್ಡ್ ಮತ್ತು ಎನ್‌ಕ್ರಿಪ್ಷನ್ ಎರಡೂ ಹಾಕಿ. ವಿ2ಸಿ ಮಾತ್ರ ಇದ್ದರೆ ಪಾಸ್‌ವರ್ಡ್‌ನಂತೆ ಕೆಲಸ ಮಾಡುವ ‘ಪಬ್ಲಿಕ್’ ಅನ್ನುವ ಕಮ್ಯುನಿಟಿ ಹೆಸರನ್ನು ಇವತ್ತೇ ಬದಲಿಸಿ, ಓದುವ ಅನುಮತಿಯಷ್ಟೇ ಕೊಡಿ, ಅದೂ ನಿಮ್ಮ ಸರ್ವರ್‌ನ ಐಪಿಗೆ ಮಾತ್ರ.

ಸರ್ವರ್‌ಗೆ ದುಬಾರಿ ಯಂತ್ರ ಬೇಡ. ಕೆಲವೇ ಓಎಲ್‌ಟಿಗಳಿದ್ದರೆ ಲಿನಕ್ಸ್ ಹಾಕಿದ ಹಳೇ ಪಿಸಿ ಸಾಕು. ನಿಗಾ ಇಡುವ ಸಾಫ್ಟ್‌ವೇರ್‌ಗಳಾದ ಜ್ಯಾಬಿಕ್ಸ್, ಲಿಬ್ರೆಎನ್‌ಎಂಎಸ್ ಎರಡೂ ಉಚಿತ. ಸರ್ವರ್ ಓಎಲ್‌ಟಿಯನ್ನು ಕೇಳುವುದು ಯುಡಿಪಿ ಪೋರ್ಟ್ 161ರಲ್ಲಿ, ಓಎಲ್‌ಟಿ ತಾನಾಗಿ ಕಳಿಸುವ ಟ್ರ್ಯಾಪ್ ಅನ್ನುವ ಸಂದೇಶ ಬರುವುದು 162ರಲ್ಲಿ. ಎರಡನ್ನೂ ಫೈರ್‌ವಾಲ್ ದಾಟಿ ಹೋಗಲು ಬಿಡಿ. ಟ್ರ್ಯಾಪ್ ದಾರಿಯಲ್ಲಿ ಕಳೆದರೆ ಮತ್ತೆ ಬರುವುದಿಲ್ಲ, ಓಎಲ್‌ಟಿಯೇ ಸತ್ತರೆ ಟ್ರ್ಯಾಪ್ ಕಳಿಸುವವರೂ ಇಲ್ಲ. ಹಾಗಾಗಿ ನಿಮಿಷಕ್ಕೊಮ್ಮೆ ಪಿಂಗ್ (ಬದುಕಿದೆಯೇ ಅಂತ ಕೇಳುವುದು), ಐದು ನಿಮಿಷಕ್ಕೊಮ್ಮೆ ಪೋಲಿಂಗ್ (ಅಂಕಿಗಳನ್ನು ಕೇಳಿ ಪಡೆಯುವುದು) ಇರಲೇಬೇಕು. ಟ್ರಾಫಿಕ್ ಗ್ರಾಫ್‌ಗೆ, ಹಾದುಹೋದ ಡೇಟಾ ಎಣಿಸುವ 64 ಬಿಟ್ ಕೌಂಟರ್ ಆರಿಸಿ. 32 ಬಿಟ್‌ನದ್ದು 1 ಜಿಬಿಪಿಎಸ್ ವೇಗದಲ್ಲಿ 34 ಸೆಕೆಂಡಿಗೇ ತುಂಬಿ ಸೊನ್ನೆಗೆ ಬರುತ್ತದೆ, ಗ್ರಾಫ್ ಸುಮ್ನೆ ಸುಳ್ಳು ಹೇಳುತ್ತದೆ.

ಈಗ ನಿಜವಾದ ವಿಷಯ. ಮನೆಯ ಓಎನ್‌ಯುಗೆ, ಅಂದರೆ ಗ್ರಾಹಕರ ಮನೆಯಲ್ಲಿ ಫೈಬರ್ ಬಂದು ಸೇರುವ ಪೆಟ್ಟಿಗೆಗೆ, ಕರೆಂಟ್ ಹೋದಾಗ ಅದು ಆರುವ ಮುಂಚೆ ಒಂದು ಕೊನೆಯ ಸಂದೇಶ ಕಳಿಸುತ್ತದೆ, ಅದಕ್ಕೆ ಡೈಯಿಂಗ್ ಗ್ಯಾಸ್ಪ್ ಅಂತಾರೆ. ಫೈಬರ್ ಕಡಿದರೆ ಅದು ಬರಲು ದಾರಿಯೇ ಇಲ್ಲ, ಓಎಲ್‌ಟಿಗೆ ಕಾಣುವುದು ಲಾಸ್ ಅಂದರೆ ಬೆಳಕು ನಿಂತದ್ದು ಮಾತ್ರ. ಈ ಎರಡಕ್ಕೂ ಬೇರೆ ಬೇರೆ ಅಲರ್ಟ್ ಮಾಡಿ. ಓಎಲ್‌ಟಿಯ ಒಂದು ಪಾನ್ ಪೋರ್ಟಿನ (ಹಲವು ಮನೆಗಳಿಗೆ ಹಂಚುವ ಫೈಬರ್ ಹೊರಡುವ ಜಾಗ) ಓಎನ್‌ಯುಗಳೆಲ್ಲ ಒಟ್ಟಿಗೆ ಲಾಸ್ ತೋರಿಸಿದರೆ ಮುಖ್ಯ ಕೇಬಲ್ ಹೋಗಿದೆ, ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್ ಹಿಡಿದು ಹೊರಡಿ. ಸಾಲಾಗಿ ಡೈಯಿಂಗ್ ಗ್ಯಾಸ್ಪ್ ಬಂದರೆ ಕರೆಂಟ್ ಹೋಗಿದೆ, ಯಾರನ್ನೂ ಓಡಿಸಬೇಡಿ. ಒಂದೇ ಮನೆಯ ಲಾಸ್ ಆದರೆ ಬಹುತೇಕ ಆ ಮನೆಗೆ ಎಳೆದ ಡ್ರಾಪ್ ಕೇಬಲ್. ಅಗ್ಗದ ಕೆಲವು ಓಎನ್‌ಯುಗಳು ಈ ಸಂದೇಶ ಕಳಿಸುವುದಿಲ್ಲ, ಅದಕ್ಕೇ ಒಂದನ್ನು ನೋಡಿ ತೀರ್ಮಾನ ಬೇಡ, ಗುಂಪನ್ನು ನೋಡಿ.

ಬೆಳಕಿನ ಮಟ್ಟಕ್ಕೂ ಅಲರ್ಟ್ ಇಡಿ. ಜಿಪಾನ್ ಅನ್ನುವ ಫೈಬರ್ ವ್ಯವಸ್ಥೆಯ ಬಿ ಪ್ಲಸ್ ದರ್ಜೆಯ ಆಪ್ಟಿಕ್ಸ್‌ನಲ್ಲಿ ಓಎನ್‌ಯುಗೆ ಕೊನೆಯ ಮಿತಿ ಮೈನಸ್ 27 ಡಿಬಿಎಂ (ಬೆಳಕಿನ ಶಕ್ತಿಯ ಅಳತೆ). ಮೈನಸ್ 25ಕ್ಕೆ ಎಚ್ಚರಿಕೆ ಬರಲಿ, ಅದು ತೆರವಾಗುವುದು ಮೈನಸ್ 24 ಆದ ಮೇಲೆ. ಇಲ್ಲದಿದ್ದರೆ ಗಡಿಯಲ್ಲಿ ಅಲ್ಲಾಡುತ್ತಾ ರಾತ್ರಿಯಿಡೀ ಮೆಸೇಜ್. ನನಗೆ ಇದಕ್ಕಿಂತ ಹಿಡಿಸಿದ್ದು, ಕನೆಕ್ಷನ್ ಕೊಟ್ಟ ದಿನದ ಅಂಕಿಯನ್ನು ಬರೆದಿಟ್ಟು ಅದಕ್ಕಿಂತ 3 ಡಿಬಿ ಇಳಿದಾಗ ಅಲರ್ಟ್ ಪಡೆಯುವುದು. 3 ಡಿಬಿ ಅಂದರೆ ಬೆಳಕು ಅರ್ಧ ಆಯಿತು ಅಂತ. ಗ್ರಾಹಕರಿಗೆ ಗೊತ್ತಾಗುವ ಮುಂಚೆಯೇ ಹೋಗಿ ಸರಿ ಮಾಡಬಹುದು, ಅಲ್ವಾ?

ಓಎಲ್‌ಟಿಯ ಬ್ಯಾಟರಿ ವೋಲ್ಟೇಜ್ ಮತ್ತು ತಾಪದ ಮೇಲೆ ಕಣ್ಣಿಡುವುದನ್ನು ನಮ್ಮ ಕಡೆ ಬಿಡಲೇಬಾರದು. ಹೊರಗೆ 42 ಡಿಗ್ರಿ ಇದ್ದರೆ ಕ್ಯಾಬಿನೆಟ್ ಒಳಗೆ ಇನ್ನೂ ಜಾಸ್ತಿ. ಸಾಧನದ ಮ್ಯಾನುಯಲ್‌ನಲ್ಲಿ ಹೇಳಿದ ಮಿತಿಗಿಂತ 10 ಡಿಗ್ರಿ ಕಡಿಮೆಗೇ ಅಲರ್ಟ್ ಇಡಿ.

ಒಂದೇ ಮನೆಯ ಕನೆಕ್ಷನ್ ಬಿದ್ದರೆ ಐದು ನಿಮಿಷ ಕಾದು ಮೆಸೇಜ್ ಬರಲಿ. ಅಪ್‌ಲಿಂಕ್ (ಓಎಲ್‌ಟಿಯನ್ನು ಇಂಟರ್ನೆಟ್ ಕಡೆಗೆ ಜೋಡಿಸುವ ಲೈನ್) ಬಿದ್ದಾಗ ಅದರ ಕೆಳಗಿನ ಅಲರ್ಟ್‌ಗಳೆಲ್ಲ ಸುಮ್ಮನಿರುವಂತೆ ಡಿಪೆಂಡೆನ್ಸಿ ಹಾಕಿ. ಟೆಲಿಗ್ರಾಂಗೆ ಮೆಸೇಜ್ ಕಳಿಸುವುದಾದರೆ ಸರ್ವರ್‌ಗೆ ಒಂದು ಬೇರೆ ಸಿಮ್ ಡಾಂಗಲ್ ಕೊಡಿ, ನಿಮ್ಮದೇ ಲೈನ್ ಬಿದ್ದಾಗ ಅಲರ್ಟ್ ಹೊರಗೆ ಹೋಗುವುದು ಹೇಗೆ?

ಎಲ್ಲ ಆದ ಮೇಲೆ ನಿಮ್ಮ ಮನೆಯ ಓಎನ್‌ಯು ಅಡಾಪ್ಟರ್ ಕಿತ್ತು ನೋಡಿ. ಮತ್ತೆ ಹಾಕಿ, ಈ ಸಲ ಫೈಬರ್ ಕಿತ್ತು ನೋಡಿ. ಎರಡಕ್ಕೂ ಒಂದೇ ಮೆಸೇಜ್ ಬಂದರೆ ಟ್ರಿಗರ್‌ನಲ್ಲಿ, ಅಂದರೆ ಅಲರ್ಟ್ ಹೊರಡಿಸುವ ನಿಯಮದಲ್ಲಿ, ಏನೋ ತಪ್ಪಿದೆ, ಬೇರೆ ಬೇರೆ ಬರುವ ತನಕ ಕೂತು ಸರಿ ಮಾಡಿ.